ಭೂಗೋಳ ಪಾಠದ ಐದು ಮೂಲ ವಿಷಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ಭೂಗೋಳ ಕಲಿಸುವವರು, ಮನೆಯಲ್ಲಿ ಮಕ್ಕಳ ಪಾಠ ನೋಡುವವರು, ಶಿಕ್ಷಕರ ತರಬೇತಿಯಲ್ಲಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಎರಡೇ ಮಾತಿನ ಉತ್ತರ ಸಾಕಾಗಿದೆ. ಕೆಲವಕ್ಕೆ ಉದಾಹರಣೆ ಬೇಕು, ಹಾಗಾಗಿ ಉತ್ತರ ಉದ್ದವಾಗಿದೆ.

ಐದು ಮೂಲ ವಿಷಯಗಳು ಯಾವುವು?

ಸ್ಥಾನ, ಸ್ಥಳ, ಮಾನವ–ಪರಿಸರ ಸಂಬಂಧ, ಚಲನೆ, ಪ್ರದೇಶ.

ಹೀಗೆ ಹೆಸರು ಹೇಳಿದರೆ ಮಕ್ಕಳಿಗೆ ಏನೂ ಹೊಳೆಯುವುದಿಲ್ಲ. ಪ್ರಶ್ನೆಗಳಾಗಿ ಕೇಳಿ ನೋಡಿ. ಅದು ಎಲ್ಲಿದೆ? ಅಲ್ಲಿ ಹೇಗಿದೆ? ಅಲ್ಲಿನ ಜನ ಸುತ್ತಲಿನ ನೆಲ, ನೀರು, ಹವೆಯ ಜೊತೆ ಹೇಗೆ ಬಾಳುತ್ತಾರೆ? ಅಲ್ಲಿಗೆ ಏನು ಬರುತ್ತದೆ, ಅಲ್ಲಿಂದ ಏನು ಹೋಗುತ್ತದೆ? ಅದನ್ನು ಬೇರೆ ಯಾವ ಜಾಗಗಳ ಜೊತೆ ಸೇರಿಸಿ ನೋಡಬಹುದು? ಐದೂ ಪ್ರಶ್ನೆಗಳ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ: ಅದು ಅಲ್ಲೇ ಯಾಕಿದೆ? ಇದನ್ನು ಕೇಳದ ಭೂಗೋಳ ಪಾಠ ಬರೀ ಹೆಸರುಗಳ ಪಟ್ಟಿ.

ಈ ಐದನ್ನು ಯಾರು, ಯಾವಾಗ ಗೊತ್ತುಮಾಡಿದರು?

1984ರಲ್ಲಿ ಅಮೆರಿಕದ ಎರಡು ಸಂಸ್ಥೆಗಳು ಶಾಲಾ ಭೂಗೋಳಕ್ಕೆ ಮಾರ್ಗಸೂಚಿಯೊಂದನ್ನು ತಂದವು. ಒಂದು, ನ್ಯಾಷನಲ್ ಕೌನ್ಸಿಲ್ ಫಾರ್ ಜಿಯೋಗ್ರಾಫಿಕ್ ಎಜುಕೇಷನ್. ಇನ್ನೊಂದು, ಅಸೋಸಿಯೇಷನ್ ಆಫ್ ಅಮೆರಿಕನ್ ಜಿಯೋಗ್ರಾಫರ್ಸ್. ಅಲ್ಲಿನ ಶಾಲೆಗಳಲ್ಲಿ ಆಗ ಭೂಗೋಳ ಸಮಾಜ ವಿಜ್ಞಾನದೊಳಗೆ ಕರಗಿ ಹೋಗುತ್ತಿತ್ತು. ಭೂಗೋಳವನ್ನೇ ಓದದ ಶಿಕ್ಷಕರೂ ಅದನ್ನು ಕಲಿಸಬೇಕಾಗಿತ್ತು. ಅಂಥವರ ಕೈಗೆ ಸುಲಭದ ಚೌಕಟ್ಟೊಂದು ಕೊಡೋಣ ಎಂದು ಈ ಐದು ವಿಷಯಗಳನ್ನು ಮುಂದಿಟ್ಟರು.

ವಿಚಾರಗಳು ಮಾತ್ರ ಅದಕ್ಕಿಂತ ಹಳೆಯವು. 1964ರಲ್ಲೇ ಅಮೆರಿಕದ ಭೂಗೋಳಜ್ಞ ವಿಲಿಯಂ ಪ್ಯಾಟಿಸನ್ ಅವರು ಭೂಗೋಳಕ್ಕೆ ನಾಲ್ಕು ಪರಂಪರೆಗಳಿವೆ ಎಂದು ಬರೆದಿದ್ದರು. ಮುಂದೆ 1992ರಲ್ಲಿ ಅಂತರರಾಷ್ಟ್ರೀಯ ಭೂಗೋಳ ಒಕ್ಕೂಟದ ಶಿಕ್ಷಣ ಆಯೋಗ ಹೊರತಂದ ಸನ್ನದಿನಲ್ಲೂ ಹೆಚ್ಚುಕಡಿಮೆ ಇವೇ ಐದು ವಿಚಾರಗಳು ಸೇರಿಕೊಂಡವು. ಹಾಗಾಗಿ ಇವು ಈಗ ಒಂದೇ ದೇಶದ ಸೊತ್ತಲ್ಲ.

ಐದನ್ನೂ ಮಕ್ಕಳು ಬಾಯಿಪಾಠ ಮಾಡಬೇಕಾ?

ಬೇಡ. "ಭೂಗೋಳದ ಐದು ಮೂಲ ವಿಷಯಗಳನ್ನು ಹೆಸರಿಸಿ" ಎಂಬ ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದ ಹುಡುಗನಿಗೆ ಭೂಗೋಳ ಗೊತ್ತಿದೆ ಎನ್ನಲಾಗದು. ಹೆಸರು ಗೊತ್ತಿಲ್ಲದೆ ಪ್ರಶ್ನೆ ಕೇಳುವ ಹುಡುಗಿ ಅವನಿಗಿಂತ ಮುಂದಿದ್ದಾಳೆ. ಈ ಹೆಸರುಗಳು ಶಿಕ್ಷಕರ ತಯಾರಿಗೆ ಬೇಕು. ಪಾಠದಲ್ಲಿ ಯಾವ ಕೋನ ಬಿಟ್ಟುಹೋಯಿತು ಎಂದು ನೋಡಿಕೊಳ್ಳಲು ಅನುಕೂಲ.

ಸ್ಥಾನ ಹೇಳಲು ಅಕ್ಷಾಂಶ, ರೇಖಾಂಶ ಸಾಕಲ್ವಾ?

ಅರ್ಧ ಕೆಲಸಕ್ಕೆ ಸಾಕು. ಭೂಮಿಯ ಮೇಲಿನ ಯಾವ ಬಿಂದುವನ್ನಾದರೂ ಎರಡು ಅಂಕಿಗಳಲ್ಲಿ ಹೇಳಬಹುದು. ಇದು ನಿರಪೇಕ್ಷ ಸ್ಥಾನ. ಒಂದು ಡಿಗ್ರಿ ಅಕ್ಷಾಂಶ ಅಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ರೇಖಾಂಶದ ಲೆಕ್ಕ ಬೇರೆ. ಸಮಭಾಜಕ ವೃತ್ತದ ಮೇಲೆ ಒಂದು ಡಿಗ್ರಿಗೆ ಅಷ್ಟೇ ದೂರ ಬರುತ್ತದೆ. 60 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಅರ್ಧ ಆಗಿರುತ್ತದೆ. ಧ್ರುವದಲ್ಲಿ ಸೊನ್ನೆ. ಯಾಕೆ ಅಂತ ಗ್ಲೋಬ್ ಕೈಗೆ ಕೊಟ್ಟು ಕೇಳಿ. ರೇಖೆಗಳು ಮೇಲೆ ಹೋದಂತೆ ಒಂದಕ್ಕೊಂದು ಹತ್ತಿರ ಬರುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಗೋಡೆಯ ಭೂಪಟದಲ್ಲಿ ಇದು ಕಾಣುವುದಿಲ್ಲ.

ಉಳಿದರ್ಧ ಸಾಪೇಕ್ಷ ಸ್ಥಾನ. ಅಂದರೆ, ಒಂದು ಊರು ಬೇರೆ ಯಾವುದರ ಹತ್ತಿರ ಇದೆ, ಯಾವುದರಿಂದ ದೂರ ಇದೆ, ಯಾವ ದಾರಿಯಲ್ಲಿದೆ ಎಂಬುದು. ಸಿಂಗಾಪುರ 1 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ ಎಂದರೆ ಅಲ್ಲಿ ವರ್ಷವಿಡೀ ಸೆಕೆ ಯಾಕೆ ಎಂದು ಊಹಿಸಬಹುದು. ಅಷ್ಟು ಪುಟ್ಟ ದ್ವೀಪದಲ್ಲಿ ಜಗತ್ತಿನ ಅತಿ ದೊಡ್ಡ ಬಂದರುಗಳಲ್ಲಿ ಒಂದು ಯಾಕಿದೆ ಎಂದು ತಿಳಿಯಬೇಕಾದರೆ, ಅದು ಮಲಾಕ್ಕಾ ಜಲಸಂಧಿಯ ಬಾಯಲ್ಲಿದೆ ಎಂಬುದು ಗೊತ್ತಿರಬೇಕು. ಹಿಂದೂ ಮಹಾಸಾಗರದಿಂದ ಪೂರ್ವ ಏಷ್ಯಾಕ್ಕೆ ಹೋಗುವ ಹಡಗುಗಳಿಗೆ ಅದೇ ಹತ್ತಿರದ ದಾರಿ.

ಸೊನ್ನೆ ಡಿಗ್ರಿ ರೇಖಾಂಶ ಗ್ರೀನಿಚ್‌ನಲ್ಲೇ ಯಾಕೆ?

ಹಾಗಂತ ಒಪ್ಪಿಕೊಂಡರು, ಅಷ್ಟೇ. ಸಮಭಾಜಕ ವೃತ್ತವನ್ನು ಭೂಮಿಯ ತಿರುಗುವಿಕೆಯೇ ಗೊತ್ತುಮಾಡುತ್ತದೆ. ರೇಖಾಂಶಕ್ಕೆ ಹಾಗೆ ಪ್ರಕೃತಿ ಕೊಟ್ಟ ಆರಂಭ ಇಲ್ಲ, ಎಲ್ಲಿಂದ ಬೇಕಾದರೂ ಎಣಿಸಬಹುದು. 1884ರಲ್ಲಿ ವಾಷಿಂಗ್ಟನ್‌ನಲ್ಲಿ 25 ದೇಶಗಳು ಸೇರಿ ಗ್ರೀನಿಚ್ ಅನ್ನು ಆರಿಸಿದವು. ಆ ಹೊತ್ತಿಗೆ ಜಗತ್ತಿನ ಹೆಚ್ಚಿನ ಹಡಗುಗಳು ಗ್ರೀನಿಚ್ ಆಧಾರದ ನಕ್ಷೆಗಳನ್ನೇ ಬಳಸುತ್ತಿದ್ದವು. ಫ್ರಾನ್ಸ್ ಮತದಾನದಿಂದ ದೂರ ಉಳಿಯಿತು. ಆಮೇಲೂ ಕೆಲವು ದಶಕ ಪ್ಯಾರಿಸ್ ರೇಖೆಯನ್ನೇ ಹಿಡಿದು ಕುಳಿತಿತ್ತು. ನಕ್ಷೆಯ ಗೆರೆಗಳಲ್ಲಿ ಯಾವುದು ಪ್ರಕೃತಿಯದ್ದು, ಯಾವುದು ಮನುಷ್ಯರದ್ದು ಎಂದು ವಿಂಗಡಿಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಸಿಗದು.

ಸಾಪೇಕ್ಷ ಸ್ಥಾನ ಬದಲಾಗುತ್ತಾ?

ಬದಲಾಗುತ್ತದೆ. ಊರು ಒಂದಿಂಚೂ ಕದಲದೆ ಬದಲಾಗುತ್ತದೆ.

ಬೊಲಿವಿಯಾಕ್ಕೆ ಒಂದು ಕಾಲದಲ್ಲಿ ಪೆಸಿಫಿಕ್ ಕರಾವಳಿ ಇತ್ತು. 1879ರಲ್ಲಿ ಶುರುವಾದ ಯುದ್ಧದಲ್ಲಿ ಅದು ಚಿಲಿಯ ಪಾಲಾಯಿತು. ಅದರ ಬೆಟ್ಟದ ಊರುಗಳ ಅಕ್ಷಾಂಶ, ರೇಖಾಂಶ ಮೊದಲಿದ್ದ ಹಾಗೇ ಇವೆ. ಆದರೆ ಅವು ಈಗ ಕಡಲಿಲ್ಲದ ದೇಶದ ಊರುಗಳು. ಸರಕು ಸಮುದ್ರಕ್ಕೆ ಹೋಗಬೇಕಾದರೆ ಇನ್ನೊಂದು ದೇಶವನ್ನು ದಾಟಬೇಕು. (ಬೊಲಿವಿಯಾಕ್ಕೆ ಇವತ್ತಿಗೂ ನೌಕಾಪಡೆ ಇದೆ. ಸರೋವರ, ನದಿಗಳಲ್ಲಿ ಓಡಾಡುತ್ತದೆ. ಈ ಸಂಗತಿ ಹೇಳಿದರೆ ತರಗತಿಯ ಹಿಂದಿನ ಸಾಲೂ ತಲೆ ಎತ್ತುತ್ತದೆ.)

ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪದ ಕಥೆಯೂ ಇಂಥದ್ದೇ. ಆಫ್ರಿಕಾ ಸುತ್ತಿ ಬರುವ ಹಡಗುಗಳಿಗೆ ಅದು ನೀರು ತುಂಬಿಸಿಕೊಳ್ಳುವ ನಿಲ್ದಾಣವಾಗಿತ್ತು. ಉಗಿ ಹಡಗುಗಳು ಬಂದವು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಆ ದ್ವೀಪ ದಾರಿಯಿಂದ ಹೊರಗೆ ಬಿತ್ತು.

ಸ್ಥಾನಕ್ಕೂ ಸ್ಥಳಕ್ಕೂ ಏನು ವ್ಯತ್ಯಾಸ? ಮಕ್ಕಳು ಇಲ್ಲೇ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ.

ಸ್ಥಾನ ಅಂದರೆ ಎಲ್ಲಿದೆ ಎಂಬುದು. ಸ್ಥಳ ಅಂದರೆ ಹೇಗಿದೆ ಎಂಬುದು. ಸ್ಥಳಕ್ಕೆ ಎರಡು ಬಗೆಯ ಗುಣಗಳಿವೆ. ಬೆಟ್ಟ, ಮಣ್ಣು, ಮಳೆ, ಗಿಡಮರ ಇವೆಲ್ಲ ಪ್ರಾಕೃತಿಕ. ಜನ, ಭಾಷೆ, ಕಟ್ಟಡ, ಕಸುಬು, ನಂಬಿಕೆ ಇವೆಲ್ಲ ಮಾನವ ಸಂಬಂಧಿ.

ಎರಡನ್ನೂ ಒಟ್ಟಿಗೆ ಇಟ್ಟು ತೋರಿಸಿದರೆ ಗೊಂದಲ ಬೇಗ ಬಿಡಿಸಿಕೊಳ್ಳುತ್ತದೆ. ಲಂಡನ್ 51 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿದೆ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್ ಸುಮಾರು 48 ಡಿಗ್ರಿಯಲ್ಲಿ, ಅಂದರೆ ಸ್ವಲ್ಪ ದಕ್ಷಿಣಕ್ಕಿದೆ. ಅಕ್ಷಾಂಶವನ್ನಷ್ಟೇ ನೋಡಿದರೆ ಉಲಾನ್‌ಬಾತರ್ ಬೆಚ್ಚಗಿರಬೇಕು. ನಿಜದಲ್ಲಿ ಅದು ಜಗತ್ತಿನ ಅತಿ ಚಳಿಯ ರಾಜಧಾನಿ. ಲಂಡನ್‌ನಲ್ಲಿ ಜನವರಿಯಲ್ಲೂ ಉಷ್ಣಾಂಶ ಸಾಮಾನ್ಯವಾಗಿ ಸೊನ್ನೆಗಿಂತ ಮೇಲೇ ಇರುತ್ತದೆ. ಯಾಕೆ? ಲಂಡನ್‌ಗೆ ಪಶ್ಚಿಮದಿಂದ ಸಾಗರದ ಗಾಳಿ ಬೀಸುತ್ತದೆ, ಆ ಸಾಗರದಲ್ಲಿ ಬೆಚ್ಚನೆಯ ಪ್ರವಾಹ ಹರಿಯುತ್ತದೆ. ಉಲಾನ್‌ಬಾತರ್ ಖಂಡದ ನಡುವೆ, ಎತ್ತರದಲ್ಲಿ, ಸಮುದ್ರದಿಂದ ಬಲು ದೂರದಲ್ಲಿದೆ. ಈಕ್ವೆಡಾರ್‌ನ ರಾಜಧಾನಿ ಕ್ವಿಟೊ ನಗರವನ್ನೂ ಸೇರಿಸಿಕೊಳ್ಳಬಹುದು. ಸಮಭಾಜಕ ವೃತ್ತದ ಪಕ್ಕದಲ್ಲೇ ಇದ್ದರೂ ಸುಮಾರು 2,850 ಮೀಟರ್ ಎತ್ತರದಿಂದಾಗಿ ಅಲ್ಲಿ ತಂಪು.

ಸ್ಥಳದ ಪಾಠ ಸುಮ್ನೆ ವಿವರಗಳ ಪಟ್ಟಿ ಆಗಿಬಿಡುತ್ತೆ. ಏನು ಮಾಡೋದು?

ರಾಜಧಾನಿ, ಜನಸಂಖ್ಯೆ, ಮುಖ್ಯ ಬೆಳೆ, ಮುಖ್ಯ ನದಿ ಎಂದು ಕೋಷ್ಟಕ ತುಂಬಿಸುವುದನ್ನು ಮೊದಲು ನಿಲ್ಲಿಸಿ. ಒಂದು ಚಿತ್ರ ತೋರಿಸಿ. ಛಾವಣಿ ಯಾಕೆ ಇಷ್ಟು ಇಳಿಜಾರಾಗಿದೆ? ಮನೆ ಯಾಕೆ ಕಂಬಗಳ ಮೇಲೆ ನಿಂತಿದೆ? ಗೋಡೆ ಯಾಕೆ ಇಷ್ಟು ದಪ್ಪ, ಕಿಟಕಿ ಯಾಕೆ ಇಷ್ಟು ಚಿಕ್ಕದು? ಒಂದೊಂದು ಕಟ್ಟಡವೂ ಅಲ್ಲಿನ ಮಳೆ, ಹಿಮ, ಬಿಸಿಲು, ಸಿಗುವ ಸಾಮಾನು, ಜನರ ಕೈಕಸುಬು ಎಲ್ಲವನ್ನೂ ಒಟ್ಟಿಗೆ ಹೇಳುತ್ತದೆ. ಮಕ್ಕಳು ಮೊದಲು ಊಹಿಸಲಿ. ಆಮೇಲೆ ಅಟ್ಲಾಸ್ ತೆಗೆದು ಮಳೆಯ ನಕ್ಷೆ, ಎತ್ತರದ ನಕ್ಷೆ ನೋಡಿ ತಮ್ಮ ಊಹೆಯನ್ನು ತಾವೇ ಪರೀಕ್ಷಿಸಲಿ.

ಇನ್ನೊಂದು ಮಾತು. ಸ್ಥಳ ಎಲ್ಲರಿಗೂ ಒಂದೇ ಅಲ್ಲ. ಶಾಲೆಯ ಆವರಣದ ನಕ್ಷೆ ಬರೆಯಿರಿ ಎಂದರೆ ಒಬ್ಬಳು ಆಟದ ಮೈದಾನವನ್ನು ದೊಡ್ಡದಾಗಿ ಬರೆಯುತ್ತಾಳೆ, ಇನ್ನೊಬ್ಬ ಗೇಟು, ದಾರಿ ಅಷ್ಟೇ ಬರೆಯುತ್ತಾನೆ. ಎರಡೂ ಸರಿ. ಅವರವರ ಮನಸ್ಸಿನಲ್ಲಿರುವ ಸ್ಥಳ ಅದು. ಆಮೇಲೆ ಅಳತೆ ಹಿಡಿದು ಬರೆಸಿ, ಪಕ್ಕಪಕ್ಕ ಇಡಿ. ಮಾತು ತಾನಾಗಿ ಶುರುವಾಗುತ್ತದೆ.

ಮಾನವ–ಪರಿಸರ ಸಂಬಂಧ ಅಂದರೆ ಮಾಲಿನ್ಯದ ಪಾಠವೇ?

ಮಾಲಿನ್ಯ ಅದರ ಒಂದು ಮೂಲೆ ಮಾತ್ರ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೂರು ಮಾತು ಹೇಳುತ್ತವೆ. ಜನ ಪರಿಸರವನ್ನು ನಂಬಿ ಬದುಕುತ್ತಾರೆ. ಅದಕ್ಕೆ ಹೊಂದಿಕೊಳ್ಳುತ್ತಾರೆ. ಅದನ್ನು ಬದಲಿಸುತ್ತಾರೆ. ನಾನು ನಾಲ್ಕನೆಯದೊಂದು ಸೇರಿಸುತ್ತೇನೆ: ಬದಲಿಸಿದ ಪರಿಸರಕ್ಕೆ ಮತ್ತೆ ಹೊಂದಿಕೊಳ್ಳಬೇಕಾಗುತ್ತದೆ. ಹೆಚ್ಚಿನ ಪಾಠಗಳು ಮೂರಕ್ಕೇ ನಿಂತುಬಿಡುತ್ತವೆ, ನಿಜವಾದ ಕಥೆ ನಾಲ್ಕರಲ್ಲಿರುತ್ತದೆ.

ಮಧ್ಯ ಏಷ್ಯಾದ ಅರಲ್ ಸಮುದ್ರವನ್ನು ನೋಡಿ. 1960ರ ಸುಮಾರಿಗೆ ಅದು ಜಗತ್ತಿನ ನಾಲ್ಕನೆಯ ದೊಡ್ಡ ಸರೋವರ. ವಿಸ್ತೀರ್ಣ ಸುಮಾರು 68,000 ಚದರ ಕಿ.ಮೀ. ಅದಕ್ಕೆ ನೀರು ತರುತ್ತಿದ್ದದ್ದು ಅಮು ದರಿಯಾ, ಸಿರ್ ದರಿಯಾ ಎಂಬ ಎರಡು ನದಿಗಳು. ಸೋವಿಯತ್ ಸರ್ಕಾರ ಹತ್ತಿ ಬೆಳೆಯಲು ಆ ನೀರನ್ನು ಕಾಲುವೆಗಳಿಗೆ ತಿರುಗಿಸಿತು. ಹತ್ತಿ ಬೆಳೆಯಿತು, ಸರೋವರ ಕುಗ್ಗಿತು. ಉಳಿದ ನೀರು ಉಪ್ಪಾಯಿತು, ಮೀನು ಸತ್ತವು, ಮೀನುಗಾರಿಕೆ ನಿಂತಿತು. ಒಂದು ಕಾಲಕ್ಕೆ ಬಂದರಾಗಿದ್ದ ಮುಯ್ನಾಕ್ ಊರಿನಲ್ಲಿ ಈಗ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ನಿಂತಿವೆ. ಒಣಗಿದ ತಳದಿಂದ ಉಪ್ಪು, ಕೀಟನಾಶಕ ಬೆರೆತ ದೂಳು ಎದ್ದು ಜನರ ಆರೋಗ್ಯ ಕೆಡಿಸಿತು. 2005ರಲ್ಲಿ ಕಜಕಸ್ತಾನ ಉತ್ತರದ ಚಿಕ್ಕ ಭಾಗಕ್ಕೆ ಅಣೆಕಟ್ಟು ಕಟ್ಟಿತು. ಅಲ್ಲಿ ನೀರು ಮೇಲೇರಿತು, ಮೀನು ಮರಳಿದವು. ದಕ್ಷಿಣದ ಭಾಗಕ್ಕೆ ಆ ಭಾಗ್ಯ ಬರಲಿಲ್ಲ.

ಮಕ್ಕಳಿಗೆ ಇದನ್ನು ಬರೀ "ಮನುಷ್ಯ ಕೆಟ್ಟವನು" ಎಂದು ಮುಗಿಸಬೇಡಿ. ನೆದರ್‌ಲೆಂಡ್ಸ್ ಅನ್ನು ಪಕ್ಕದಲ್ಲಿಡಿ. ಅದರ ನೆಲದ ಕಾಲು ಭಾಗದಷ್ಟು ಸಮುದ್ರಮಟ್ಟಕ್ಕಿಂತ ಕೆಳಗಿದೆ. 1932ರಲ್ಲಿ 32 ಕಿ.ಮೀ ಉದ್ದದ ಒಡ್ಡು ಹಾಕಿ ಸಮುದ್ರದ ಕೊಲ್ಲಿಯೊಂದನ್ನೇ ಮುಚ್ಚಿದರು. ಒಳಗಿನ ಉಪ್ಪುನೀರು ಕಾಲಕ್ರಮೇಣ ಸಿಹಿನೀರಿನ ಸರೋವರವಾಯಿತು. ಅದರ ಒಂದು ಭಾಗವನ್ನು ಬತ್ತಿಸಿ ಫ್ಲೆವೊಲ್ಯಾಂಡ್ ಎಂಬ ಪ್ರಾಂತ್ಯವನ್ನೇ ಮಾಡಿಕೊಂಡರು. ಎರಡೂ ಕಡೆ ಜನ ನೀರನ್ನೇ ಬದಲಿಸಿದರು. ಫಲ ಬೇರೆ ಬೇರೆ ಯಾಕಾಯಿತು? ಯಾರು ತೀರ್ಮಾನ ತೆಗೆದುಕೊಂಡರು, ಯಾರಿಗೆ ಲಾಭ, ಯಾರಿಗೆ ನಷ್ಟ? ದೊಡ್ಡ ತರಗತಿಯ ಮಕ್ಕಳು ಇದರ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲರು. ನೆದರ್‌ಲೆಂಡ್ಸ್‌ನ ಒಡ್ಡುಗಳಿಗೂ ವೆಚ್ಚ ಇದೆ, ಪಂಪುಗಳು ನಿಂತರೆ ಅಪಾಯ ಇದೆ, ಸಮುದ್ರ ಏರುತ್ತಿದೆ ಎಂಬುದನ್ನೂ ಸೇರಿಸಿ.

ಹಾಗಾದರೆ ಪರಿಸರವೇ ಜನರ ಬದುಕನ್ನು ತೀರ್ಮಾನ ಮಾಡುತ್ತಾ?

19ನೇ ಶತಮಾನದ ಕೊನೆಯಲ್ಲಿ ಹಾಗೆ ನಂಬಿದವರು ಬಹಳ ಜನ ಇದ್ದರು. ಬಿಸಿ ನಾಡಿನ ಜನ ಸೋಮಾರಿಗಳು, ತಂಪು ನಾಡಿನವರು ಚುರುಕು ಎಂಬಂಥ ಹಳೆಯ ಮಾತುಗಳಿಗೆ ಅದರಿಂದ ಬಲ ಬಂತು. ಸಾಮ್ರಾಜ್ಯಗಳಿಗೆ ಅದು ಅನುಕೂಲದ ವಾದವೂ ಆಗಿತ್ತು. ಫ್ರಾನ್ಸಿನ ಭೂಗೋಳಜ್ಞ ವಿಡಾಲ್ ದ ಲಾ ಬ್ಲಾಶ್ ಇದಕ್ಕೆ ಎದುರು ದಾರಿ ಹಿಡಿದರು. ಪ್ರಕೃತಿ ಹಲವು ಸಾಧ್ಯತೆಗಳನ್ನು ಮುಂದಿಡುತ್ತದೆ, ಆರಿಸಿಕೊಳ್ಳುವುದು ಮನುಷ್ಯರು ಎಂಬುದು ಅವರ ವಾದದ ತಿರುಳು. ಇಂದಿನ ಶಾಲಾ ಭೂಗೋಳ ಈ ಎರಡನೆಯ ದಾರಿಯಲ್ಲಿದೆ. ಆದರೂ "ಅಲ್ಲಿ ಮರುಭೂಮಿ, ಹಾಗಾಗಿ ಬಡವರು" ಎಂಬ ಬಗೆಯ ವಾಕ್ಯಗಳು ಉತ್ತರ ಪತ್ರಿಕೆಗಳಲ್ಲಿ ನುಸುಳುತ್ತಲೇ ಇರುತ್ತವೆ. ಕಂಡಾಗ ಗುರುತು ಹಾಕಿ, ಶ್ರೀಮಂತ ಮರುಭೂಮಿಗಳ ಹೆಸರು ಕೇಳಿ.

ಭೂಕಂಪ, ಚಂಡಮಾರುತ ಯಾವ ವಿಷಯದ ಕೆಳಗೆ ಬರುತ್ತವೆ?

ಎಲ್ಲದರ ಕೆಳಗೂ. ಆದರೆ ಮಾನವ–ಪರಿಸರ ಸಂಬಂಧದ ಕೆಳಗೆ ಕಲಿಸಿದರೆ ಒಂದು ಮುಖ್ಯ ಸಂಗತಿ ಹೊರಬರುತ್ತದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಯಿತು. ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮುಂದಿನ ತಿಂಗಳೇ ಚಿಲಿಯಲ್ಲಿ 8.8 ತೀವ್ರತೆಯದು ಬಂತು. ಬಿಡುಗಡೆಯಾದ ಶಕ್ತಿ ನೂರಾರು ಪಟ್ಟು ಜಾಸ್ತಿ. ಸತ್ತವರು ನೂರರ ಲೆಕ್ಕದಲ್ಲಿದ್ದರು. ಭೂಕಂಪದ ಕೇಂದ್ರ ಎಷ್ಟು ಆಳದಲ್ಲಿತ್ತು, ರಾಜಧಾನಿಗೆ ಎಷ್ಟು ಹತ್ತಿರ ಇತ್ತು ಎಂಬುದು ಒಂದು ಕಾರಣ. ಚಿಲಿಯಲ್ಲಿ ಕಟ್ಟಡಗಳಿಗೆ ಬಿಗಿಯಾದ ನಿಯಮ ಇದ್ದದ್ದು, ಹೈಟಿಯಲ್ಲಿ ಬಡತನದಿಂದ ಕಳಪೆ ಕಟ್ಟಡಗಳಿದ್ದದ್ದು ಇನ್ನೊಂದು. ನೆಲ ನಡುಗುವುದು ಪ್ರಕೃತಿಯ ಕೆಲಸ. ಅದು ಎಷ್ಟು ದೊಡ್ಡ ದುರಂತವಾಗುತ್ತದೆ ಎಂಬುದರಲ್ಲಿ ಮನುಷ್ಯರ ಪಾಲು ದೊಡ್ಡದು.

ಚಲನೆ ಅಂದರೆ ಬಸ್ಸು, ರೈಲು, ವಿಮಾನನಾ?

ಅವೂ ಸೇರಿ. ಜನ, ಸರಕು, ವಿಚಾರ ಮೂರೂ ಚಲಿಸುತ್ತವೆ. ಪ್ರಕೃತಿಯೂ ಸುಮ್ಮನಿರುವುದಿಲ್ಲ. ಸಹಾರಾದ ದೂಳು ಅಟ್ಲಾಂಟಿಕ್ ದಾಟಿ ಅಮೆಜಾನ್ ಕಾಡಿಗೆ ಬೀಳುತ್ತದೆ, ಅದರ ಜೊತೆ ರಂಜಕವೂ ಹೋಗುತ್ತದೆ. ಮಳೆಯಲ್ಲಿ ಕೊಚ್ಚಿಹೋಗುವ ಪೋಷಕಾಂಶವನ್ನು ಅದು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಮರುಭೂಮಿಯೊಂದು ಮಳೆಕಾಡಿಗೆ ಗೊಬ್ಬರ ಕಳಿಸುತ್ತದೆ ಎಂದರೆ ಯಾವ ಮಗು ಕಿವಿ ಕೊಡುವುದಿಲ್ಲ?

ಜನ ಸರಕುಗಳ ಚಲನೆಗೆ ರಬ್ಬರ್ ಒಳ್ಳೆಯ ಉದಾಹರಣೆ. ರಬ್ಬರ್ ಮರ ಅಮೆಜಾನ್‌ನದು. 19ನೇ ಶತಮಾನದ ಕೊನೆಗೆ ರಬ್ಬರಿನ ಹಣದಿಂದ ಕಾಡಿನ ನಡುವಿನ ಮನೌಸ್ ನಗರ ಎಷ್ಟು ಕೊಬ್ಬಿತ್ತೆಂದರೆ ಅಲ್ಲಿ ಒಂದು ಭವ್ಯ ಆಪೆರಾ ಮಂದಿರವೇ ಎದ್ದಿತು. ಅಷ್ಟರೊಳಗೆ, 1876ರಲ್ಲಿ, ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಸಾವಿರಾರು ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ್ದ. ಅಲ್ಲಿ ಮೊಳೆತ ಸಸಿಗಳು ಸಿಲೋನ್, ಮಲಯಕ್ಕೆ ಹೋದವು. ಕೆಲವು ದಶಕಗಳಲ್ಲಿ ಆಗ್ನೇಯ ಏಷ್ಯಾದ ತೋಟಗಳು ಬ್ರೆಜಿಲ್‌ನ ವ್ಯಾಪಾರವನ್ನು ಮುಗಿಸಿದವು. ತೋಟದ ಕೆಲಸಕ್ಕೆ ಜನರೂ ಕಡಲು ದಾಟಿದರು. ಒಂದು ಬೀಜದ ಪಯಣ ಎರಡು ಖಂಡಗಳ ಸ್ಥಳಗಳನ್ನೇ ಬದಲಿಸಿತು.

ಸಾಗಿಸುವ ವಿಧಾನ ಬದಲಾದರೂ ಅಷ್ಟೇ ಪರಿಣಾಮ ಆಗುತ್ತದೆ. 1956ರಲ್ಲಿ ಐಡಿಯಲ್ ಎಕ್ಸ್ ಎಂಬ ಹಡಗು 58 ಕಂಟೇನರ್‌ಗಳನ್ನು ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೋಯಿತು. ಸರಕನ್ನು ಮೂಟೆ ಮೂಟೆಯಾಗಿ ಹೊರುವ ಕೆಲಸ ಕ್ರಮೇಣ ಹೋಯಿತು. ಸಾಗಾಟದ ಖರ್ಚು ಎಷ್ಟು ಇಳಿಯಿತೆಂದರೆ ವಸ್ತುವನ್ನು ಕೊಳ್ಳುವ ಜಾಗದಿಂದ ಸಾವಿರಾರು ಕಿ.ಮೀ ದೂರ ಕಾರ್ಖಾನೆ ಹಾಕಿದರೂ ಲಾಭ ಬರತೊಡಗಿತು. ವಿಚಾರಗಳ ಚಲನೆಗೆ ಇಂಟರ್ನೆಟ್ ಉದಾಹರಣೆ ಕೊಡುವಾಗ ಸಮುದ್ರದ ತಳದ ಕೇಬಲ್‌ಗಳ ನಕ್ಷೆ ತೋರಿಸಿ. ಖಂಡಗಳ ನಡುವಿನ ಮಾಹಿತಿ ಬಹುಪಾಲು ಓಡಾಡುವುದು ಅವುಗಳಲ್ಲೇ. ಎಲ್ಲವೂ ಉಪಗ್ರಹದಿಂದ ಬರುತ್ತದೆ ಎಂದೇ ಮಕ್ಕಳು ಅಂದುಕೊಂಡಿರುತ್ತಾರೆ.

ಪ್ರದೇಶ ಎಂದರೆ ರಾಜ್ಯ, ದೇಶ ಅಂತ ಅರ್ಥವಾ?

ಅವೂ ಪ್ರದೇಶಗಳೇ, ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಯಾವುದೋ ಒಂದು ಗುಣವನ್ನು ಹಿಡಿದು ಜಾಗಗಳನ್ನು ಒಟ್ಟುಮಾಡಿದರೆ ಅದು ಪ್ರದೇಶ. ಮೂರು ಬಗೆ ಹೇಳುವುದುಂಟು. ಒಂದೇ ಲಕ್ಷಣ ಎಲ್ಲೆಡೆ ಇರುವುದು, ಸಹಾರಾ ಮರುಭೂಮಿಯ ಹಾಗೆ. ಒಂದು ಕೇಂದ್ರದ ಸುತ್ತ ಕೆಲಸ ಮಾಡುವುದು, ದೊಡ್ಡ ನಗರ ಮತ್ತು ಅಲ್ಲಿಗೆ ದಿನಾ ಕೆಲಸಕ್ಕೆ ಹೋಗಿಬರುವ ಸುತ್ತಲಿನ ಊರುಗಳ ಹಾಗೆ. ಜನರ ಮನಸ್ಸಿನಲ್ಲಿ ಇರುವುದು, ಅಮೆರಿಕದ ಮಿಡ್‌ವೆಸ್ಟ್ ಹಾಗೆ. ಅದರ ಗಡಿ ಎಲ್ಲಿ ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಗೆರೆ ಸಿಗುತ್ತವೆ.

ಪ್ರದೇಶ ಯಾಕೆ ಬೇಕು ಎಂದು ಕೇಳಿದರೆ ಡ್ಯಾನ್ಯೂಬ್ ನದಿಯ ಪ್ರಸಂಗ ಹೇಳಬಹುದು. 2000ದ ಜನವರಿ ಕೊನೆಗೆ ರೊಮೇನಿಯಾದ ಬಾಯಾ ಮಾರೆಯಲ್ಲಿ ಚಿನ್ನದ ಗಣಿಗಾರಿಕೆಗೆ ಸೇರಿದ ಒಡ್ಡು ಒಡೆದು ಸಯನೈಡ್ ಬೆರೆತ ನೀರು ಹರಿಯಿತು. ಅದು ಹಂಗೇರಿಯ ಟಿಸಾ ನದಿಗೆ ಬಂತು, ಮುಂದೆ ಸರ್ಬಿಯಾದಲ್ಲಿ ಡ್ಯಾನ್ಯೂಬ್ ಸೇರಿತು. ರಾಶಿ ರಾಶಿ ಮೀನು ಸತ್ತವು. ದೇಶಗಳ ನಕ್ಷೆಯಲ್ಲಿ ಇವು ಬೇರೆ ಬೇರೆ ಬಣ್ಣ. ನೀರಿಗೆ ಆ ಬಣ್ಣ ಕಾಣುವುದಿಲ್ಲ. ನದಿಯ ಕೊಳ್ಳವನ್ನು ಒಂದೇ ಪ್ರದೇಶವೆಂದು ನೋಡಿದರೆ ಮಾತ್ರ ಇದು ಅರ್ಥವಾಗುತ್ತದೆ.

ಪ್ರದೇಶದ ಗಡಿಯನ್ನು ಮಕ್ಕಳೇ ಎಳೆಯಬಹುದಾ?

ಎಳೆಯಲೇಬೇಕು. ಒಂದು ಖಂಡದ ಮಳೆಯ ಅಂಕಿಗಳನ್ನು ಖಾಲಿ ನಕ್ಷೆಯ ಮೇಲೆ ಕೊಟ್ಟು "ಒಣ ಪ್ರದೇಶವನ್ನು ಗುರುತಿಸಿ" ಎನ್ನಿ. ಒಂದು ಗುಂಪು 250 ಮಿ.ಮೀ ಗೆರೆ ಹಿಡಿಯುತ್ತದೆ, ಇನ್ನೊಂದು 500 ಮಿ.ಮೀ. ಜಗಳ ಶುರು. ಆ ಜಗಳವೇ ಪಾಠ. ಸಹಾರಾ ಎಲ್ಲಿ ಮುಗಿದು ಅದರ ದಕ್ಷಿಣದ ಅರೆಒಣ ಪಟ್ಟಿಯಾದ ಸಹೇಲ್ ಎಲ್ಲಿ ಶುರು ಎಂಬುದು ಮಳೆ ಹೆಚ್ಚು ಕಡಿಮೆ ಆದ ಹಾಗೆ ಸರಿಯುತ್ತದೆ. ನಕ್ಷೆಯ ಮೇಲೆ ಮಾತ್ರ ಅದು ಗಟ್ಟಿ ಗೆರೆ.

ಒಂದೇ ಉದಾಹರಣೆಯಲ್ಲಿ ಐದನ್ನೂ ಕಲಿಸಬಹುದಾ?

ಹಾಗೆ ಕಲಿಸುವುದೇ ಮೇಲು. ಸೋಮವಾರ ಸ್ಥಾನ, ಮಂಗಳವಾರ ಸ್ಥಳ ಎಂದು ಬಿಡಿಸಿ ಕಲಿಸಿದರೆ ಮಕ್ಕಳ ತಲೆಯಲ್ಲಿ ಐದು ಬೇರೆ ಬೇರೆ ಡಬ್ಬಿಗಳಾಗುತ್ತವೆ. ಸೂಯೆಜ್ ಕಾಲುವೆಯನ್ನೇ ತೆಗೆದುಕೊಳ್ಳಿ.

ಅದು ಎಲ್ಲಿದೆ? ಆಫ್ರಿಕಾ, ಏಷ್ಯಾ ಕೂಡುವ ಕಿರಿದಾದ ನೆಲದಲ್ಲಿ, ಮೆಡಿಟರೇನಿಯನ್ ಮತ್ತು ಕೆಂಪು ಸಮುದ್ರದ ನಡುವೆ. ಬೇರೆಲ್ಲೂ ತೋಡದೆ ಅಲ್ಲೇ ಯಾಕೆ ತೋಡಿದರು ಎಂಬುದಕ್ಕೆ ನಕ್ಷೆಯೇ ಉತ್ತರ. ಆ ಜಾಗ ಹೇಗಿದೆ? ಚಪ್ಪಟೆ ಮರುಭೂಮಿ, ನಡುವೆ ಉಪ್ಪು ಸರೋವರಗಳು. ಎರಡೂ ಕಡೆ ಸಮುದ್ರದ ಮಟ್ಟ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪನಾಮಾದಲ್ಲಿರುವಂತೆ ಹಡಗನ್ನು ಮೇಲೆತ್ತಿ ಇಳಿಸುವ ಕಟ್ಟೆಗಳು ಬೇಕಾಗಲಿಲ್ಲ. ಕಾಲುವೆಯ ಜೊತೆಗೇ ಪೋರ್ಟ್ ಸೈದ್, ಇಸ್ಮಾಯಿಲಿಯಾ ಎಂಬ ಊರುಗಳು ಹುಟ್ಟಿಕೊಂಡವು.

ಪರಿಸರಕ್ಕೆ ಏನಾಯಿತು? ಇದು ಮಕ್ಕಳು ಊಹಿಸದ ತಿರುವು. ಎರಡು ಸಮುದ್ರಗಳು ಕೂಡಿದ್ದರಿಂದ ಕೆಂಪು ಸಮುದ್ರದ ನೂರಾರು ಜೀವಿಗಳು ಮೆಡಿಟರೇನಿಯನ್‌ಗೆ ಬಂದು ಸೇರಿದವು. ಕಾಲುವೆಯ ದಾರಿಯಲ್ಲಿದ್ದ ಸರೋವರಗಳ ನೀರು ಮೊದಲು ಬಹಳ ಉಪ್ಪಾಗಿದ್ದು ಅವುಗಳನ್ನು ತಡೆಯುತ್ತಿತ್ತು. ಉಪ್ಪು ಕರಗುತ್ತಾ ಹೋದಂತೆ ಆ ತಡೆಯೂ ಹೋಯಿತು.

ಚಲನೆ? ಯುರೋಪು ಏಷ್ಯಾ ನಡುವೆ ಆಫ್ರಿಕಾವನ್ನು ಸುತ್ತುವ ಸಾವಿರಾರು ಕಿ.ಮೀ ಉಳಿಯಿತು. 1967ರಿಂದ 1975ರವರೆಗೆ ಯುದ್ಧದ ಕಾರಣ ಕಾಲುವೆ ಮುಚ್ಚಿದಾಗ ಹಡಗುಗಳು ಮತ್ತೆ ಸುತ್ತಬೇಕಾಯಿತು. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿತು, ನೂರಾರು ಹಡಗು ಸಾಲುಗಟ್ಟಿ ನಿಂತವು. ಇನ್ನು ಪ್ರದೇಶ. ಕಾಲುವೆ ಇರುವುದು ಈಜಿಪ್ಟಿನಲ್ಲಿ, ಅದನ್ನು ನೆಚ್ಚಿಕೊಂಡ ಬಂದರುಗಳು ಎಷ್ಟೋ ದೇಶಗಳಲ್ಲಿವೆ. ಆ ಬಂದರುಗಳನ್ನೆಲ್ಲ ಒಂದು ಬಣ್ಣದಲ್ಲಿ ಗುರುತಿಸಿ ಎಂದರೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಪ್ರದೇಶವೊಂದು ಸಿಗುತ್ತದೆ.

ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಮಕ್ಕಳಿಗೆ ಏನು ಹೇಳಬೇಕು?

ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು ಎಂದು ಹೇಳಿ. ಉಂಡೆಯಾದ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಬಿಡಿಸಿದರೆ ಏನೋ ಒಂದು ಕೆಡಲೇಬೇಕು. 1569ರಲ್ಲಿ ಮರ್ಕೇಟರ್ ಮಾಡಿದ ನಕ್ಷೆ ನಾವಿಕರಿಗಾಗಿ ಮಾಡಿದ್ದು. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿಗೆ ಹೋಗುವ ದಾರಿ ಅದರಲ್ಲಿ ನೇರ ಗೆರೆಯಾಗಿ ಬರುತ್ತದೆ. ಅದಕ್ಕಾಗಿ ಗಾತ್ರವನ್ನು ಬಲಿ ಕೊಡಬೇಕಾಯಿತು, ಧ್ರುವದ ಕಡೆಯ ನಾಡುಗಳು ಹಿಗ್ಗಿದವು. ನಕ್ಷೆ ಸುಳ್ಳು ಹೇಳುತ್ತದೆ ಎನ್ನಬೇಡಿ. ಯಾವ ಕೆಲಸಕ್ಕೆ ಮಾಡಿದ ನಕ್ಷೆ ಎಂದು ಕೇಳುವುದನ್ನು ಕಲಿಸಿ.

ಫೋನಿನಲ್ಲೇ ನಕ್ಷೆ ಇರುವಾಗ ಇದೆಲ್ಲ ಯಾಕೆ?

ಫೋನು ದಾರಿ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳು ಎಲ್ಲೆಲ್ಲಿವೆ ಎಂದು ನೋಡಿದರು. ಹೆಚ್ಚಿನವು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಇದ್ದವು. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಹೆಚ್ಚಿನವರು ನಂಬಿದ್ದ ಕಾಲ ಅದು. ಸ್ನೋ ಮಾತಿನ ಮೇಲೆ ಪಂಪಿನ ಹಿಡಿಕೆ ತೆಗೆದರು. ವಿಳಾಸಗಳು ಎಲ್ಲರಿಗೂ ಸಿಗುವಂಥವೇ. "ಅಲ್ಲೇ ಯಾಕೆ" ಎಂದು ಕೇಳಿದ್ದು ಅವರು.

ಯಾವ ವಯಸ್ಸಿಗೆ ಯಾವುದು?

ಚಿಕ್ಕವರಿಗೆ ಹತ್ತಿರ–ದೂರ, ಎಡ–ಬಲ, ತರಗತಿಯ ನಕ್ಷೆ ಸಾಕು. ಹತ್ತರ ಆಸುಪಾಸಿನಲ್ಲಿ ದಿಕ್ಕು, ಅಳತೆ, ಚೌಕುಳಿ ನಕ್ಷೆ, ಎರಡು ಸ್ಥಳಗಳ ಹೋಲಿಕೆ. ಪ್ರದೇಶದ ವಿಚಾರ ಸ್ವಲ್ಪ ತಡವಾಗಿ ಬಂದರೆ ಒಳ್ಳೆಯದು, ಅದು ಐದರಲ್ಲಿ ಕಷ್ಟದ್ದು.

ಈ ಚೌಕಟ್ಟಿನಲ್ಲಿ ಕೊರತೆ ಇಲ್ಲವೇ?

ಇದೆ. ಅದರಲ್ಲಿ ಕಾಲ ಇಲ್ಲ. ಇಂದಿನ ನಕ್ಷೆ ನಿನ್ನೆಯಿಂದ ಹೇಗೆ ಬಂತು ಎಂಬ ಪ್ರಶ್ನೆಯನ್ನು ಶಿಕ್ಷಕರೇ ತಂದುಕೊಳ್ಳಬೇಕು. ಅಳತೆಯ ಮಟ್ಟವೂ ಸ್ಪಷ್ಟವಾಗಿ ಇಲ್ಲ. ಬೀದಿಯ ಮಟ್ಟದಲ್ಲಿ ನಿಜವಾದದ್ದು ಖಂಡದ ಮಟ್ಟದಲ್ಲಿ ನಿಜವಾಗಿರಬೇಕಿಲ್ಲ. ಭೂಫಲಕಗಳ ಚಲನೆ, ಸವೆತ, ಹವಾಮಾನದ ಚಕ್ರದಂಥ ಭೌತಿಕ ಕ್ರಿಯೆಗಳು ಐದರ ನಡುವೆ ಚೂರು ಚೂರಾಗಿ ಹಂಚಿಹೋಗುತ್ತವೆ. ಅಮೆರಿಕದಲ್ಲೇ 1994ರಲ್ಲಿ 18 ಮಾನದಂಡಗಳ ಹೊಸ, ವಿವರವಾದ ಚೌಕಟ್ಟು ಬಂತು. ಅದು ಹೆಚ್ಚು ಪೂರ್ಣ, ನಿಜ. ಆದರೆ ಹದಿನೆಂಟನ್ನು ತಲೆಯಲ್ಲಿಟ್ಟುಕೊಂಡು ತರಗತಿಗೆ ಹೋಗುವವರು ಯಾರು? ಐದು ಇನ್ನೂ ಉಳಿದಿರುವುದು ಅದಕ್ಕೇ ಇರಬೇಕು.

ಪರೀಕ್ಷೆಯ ಪ್ರಶ್ನೆ ಹೇಗಿರಬೇಕು?

ಮಕ್ಕಳು ಓದಿರದ ಜಾಗವೊಂದರ ನಕ್ಷೆ, ಒಂದು ಚಿತ್ರ, ಮಳೆ–ಉಷ್ಣಾಂಶದ ಒಂದು ಕೋಷ್ಟಕ ಕೊಡಿ. ಜಾಗದ ಹೆಸರು ಕೊಡಬೇಡಿ. "ಇಲ್ಲಿ ಊರು ಯಾಕೆ ಬೆಳೆದಿರಬಹುದು? ಯಾವ ತೊಂದರೆ ಬರಬಹುದು? ನಕ್ಷೆಯಲ್ಲಿರುವ ಯಾವ ಸಾಕ್ಷಿ ನೋಡಿ ಹೇಳುತ್ತೀರಿ?" ಎಂದು ಕೇಳಿ. ಅಂಕ ಊಹೆಗೆ ಕಡಿಮೆ, ಸಾಕ್ಷಿಗೆ ಜಾಸ್ತಿ ಇರಲಿ. ಜಾಗದ ಹೆಸರನ್ನು ಪತ್ರಿಕೆ ಮರಳಿ ಕೊಡುವ ದಿನ ಹೇಳಿದರಾಯಿತು.